ಮೊದಲ ಎಳೆತ

ಗುರುವಾರ ಬೆಳಿಗ್ಗೆ ಅವ್ವನ ಬಲಗಣ್ಣಿನ ಆಪರೇಶನ್ ಎಂದು ನಿಗದಿಯಾಗಿತ್ತು. ಎಡಗಣ್ಣು ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಇಲ್ಲ. ಜೋಳದ ಕೂಳೆ ಚುಚ್ಚಿ ಹೋದದ್ದು. ಉಳಿದ ಒಂದರ ಮೇಲೆ ಪೊರೆ ಬೆಳೆದು, ಈಗ ರೊಟ್ಟಿಯನ್ನು ಸದ್ದು ಕೇಳಿಕೊಂಡು ಬಡಿಯುತ್ತಾಳೆ. ಬೆಂದಿತೋ ಇಲ್ಲವೋ ಎಂಬುದನ್ನು ವಾಸನೆಯಿಂದ ತಿಳಿಯುತ್ತಾಳೆ. ಆಪರೇಶನ್ ಮಾಡಬೇಕಾಗಿದ್ದವರು ಡಾಕ್ಟರ್ ವೆಂಕಟಗಿರಿ. ಅದರ ಹಿಂದಿನ ಶುಕ್ರವಾರ ಅವರು ತಮ್ಮ ಸಂಗ್ರಹಕ್ಕೆ ಒಂದು ಪಿಸ್ತೂಲು ಆರಿಸಲು ಹೊರಟರು. ಕಾರು ಓಡಿಸಿದವಳು ನಾನು.

ನನ್ನ ಅಪ್ಪ ಹ್ಯೂಸ್ಟನ್ನಿನ ಒಂದು ಹೋಟೆಲಿಗೆ ಅಡುಗೆಯವರಾಗಿ ಧಾರವಾಡದ ಕಡೆಯಿಂದ ಬಂದು, ಆಮೇಲೆ ಅವ್ವನನ್ನೂ ನನ್ನನ್ನೂ ಕರೆಸಿಕೊಂಡರು. ನಾನು ಇಲ್ಲಿನ ಶಾಲೆಗೆ ಸ್ವಲ್ಪ ಕಾಲ ಹೋದೆ. ಎದ್ದು ನಿಂತು ಓದು ಎಂದಾಗ ದನಿ ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಟ್ಟೆ. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ ಡಾಕ್ಟರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರಿಕೊಂಡೆ. ಈಚೆಗೆ ಅವರ ಕಾರನ್ನೂ ನಾನೇ ಓಡಿಸುತ್ತೇನೆ. ಫ್ರೀವೇ ಮೇಲೆ ಡ್ರೈವ್ ಮಾಡುವುದು ಬೇಜಾರು ಎಂದು ಅವರು ದೀಪಾವಳಿಯ ಹೊತ್ತಿಗೆ ಬಿಟ್ಟುಬಿಟ್ಟರು.

ಟೆಕ್ಸಾಸಿನ ಕನ್ನಡದವರಲ್ಲಿ ಅವರ ಕೈಗುಣದ ಮಾತು ಎಲ್ಲರಿಗೂ ಗೊತ್ತು. ವಯಸ್ಸಾದ ಅಪ್ಪ ಅಮ್ಮ ಊರಿನಿಂದ ಬಂದರೆ, ಮಕ್ಕಳು ಇನ್ಶೂರೆನ್ಸ್ ಇರಲಿ ಬಿಡಲಿ, ವೆಂಕಟಗಿರಿ ಅಂಕಲ್ ಹತ್ತಿರ ಕಣ್ಣು ತೋರಿಸಿಯೇ ಕಳಿಸುತ್ತಾರೆ. ಕಣ್ಣಿನ ಕೆಲಸವೊಂದೇ ಅಲ್ಲ. ಹೊಸ ಮನೆಯ ಒಲೆಯ ಮೇಲೆ ಹಾಲಿಡುವುದಕ್ಕೆ, ಮಗುವಿಗೆ ಮೊದಲ ಅನ್ನ ತಿನ್ನಿಸುವುದಕ್ಕೆ, ಅಂಗಡಿ ತೆರೆದವರ ಮೊದಲ ವ್ಯಾಪಾರಕ್ಕೆ ಅವರೇ ಬೇಕು. ಅವ್ವನಿಗೂ ಅಷ್ಟೆ. ಡಾಕ್ಟರ ಜೊತೆ ಕೆಲಸ ಮಾಡುವ ಪ್ರಿಯಂವದಾ ಎಂಬ ಸಣ್ಣ ವಯಸ್ಸಿನ ಡಾಕ್ಟರು ಇದೇ ಆಪರೇಶನ್ನನ್ನು ಎರಡು ತಿಂಗಳ ಹಿಂದೆಯೇ ಮಾಡಿಕೊಡುತ್ತೇನೆ ಎಂದಿದ್ದರು. ಅವ್ವ ಒಪ್ಪಲಿಲ್ಲ. "ಇರೋದು ಒಂದ ಕಣ್ಣು. ಅವರ ಕೈಯಾಗ ಕೊಡ್ತೀನಿ, ಇಲ್ಲಂದ್ರ ಹಿಂಗ ಇರ್ತೀನಿ" ಅಂದಳು.

ಡಾಕ್ಟರ ಓದುವ ಕೋಣೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಕಪಾಟಿದೆ. ಒಳಗೆ ಹಸಿರು ಬಟ್ಟೆಯ ಮೇಲೆ ಪಿಸ್ತೂಲುಗಳು ಮಲಗಿವೆ. ಎಲ್ಲವೂ ಒಂದೇ ಜಾತಿಯವು. ಪ್ಲಾಸ್ಟಿಕ್ ಮೈಯಿನದು ಅವರಿಗೆ ಬೇಡ. ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ ಇರಬೇಕು. ಮತ್ತೆ ಡಬಲ್ ಆ್ಯಕ್ಷನ್ ಇರಬೇಕು. ಎಂದರೆ ಮೊದಲ ಸಲ ಬೆರಳಿನಿಂದ ಕುದುರೆಯನ್ನು, ಅದೇ ಟ್ರಿಗರ್, ಎಳೆದಾಗ ಆ ಎಳೆತವೇ ಹಿಂದಿನ ಸುತ್ತಿಗೆಯನ್ನು ಎತ್ತಿ, ಬೀಳಿಸುತ್ತದೆ. ಹಾಗಾಗಿ ಮೊದಲ ಎಳೆತ ಉದ್ದ, ಭಾರ. ಅದಾದ ಮೇಲಿನವು ಹಗುರ. "ಬರೀ ಮೊದಲನೇ ಎಳೆತದಲ್ಲೇ ಆ ಯಂತ್ರ ಮಾಡಿದವನ ಯೋಗ್ಯತೆ ಗೊತ್ತಾಗತ್ತೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಖಾಲಿ ಪಿಸ್ತೂಲಿನ ಮೂತಿಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಕುದುರೆ ಎಳೆದು ತೋರಿಸುತ್ತಿದ್ದರು. ನೆಂಟರು ಚಪ್ಪಾಳೆ ತಟ್ಟುತ್ತಿದ್ದರು. ಆ ಆಟವನ್ನು ಅವರು ಆಡಿ ಬಹಳ ದಿನವಾಗಿತ್ತು.

ಹ್ಯೂಸ್ಟನ್ನಿನ ಅಂಗಡಿ ಐ-ಟೆನ್ ಹೆದ್ದಾರಿಯ ಪಕ್ಕದಲ್ಲಿ, ಹಾಸಿಗೆ ಅಂಗಡಿಗೂ ಡೋನಟ್ ಅಂಗಡಿಗೂ ನಡುವೆ ಇತ್ತು. ಕೌಂಟರಿನ ಹಿಂದಿದ್ದವನು ಒಂದು ಬೂದು ಬಣ್ಣದ ಪಿಸ್ತೂಲು ತೆಗೆದು, ಒಳಗೆ ಗುಂಡಿಲ್ಲ ಎಂದು ನಮಗೆ ತೋರಿಸಿ, ಸುತ್ತಿಗೆ ಇಳಿಸಿ ಡಾಕ್ಟರ ಕೈಗೆ ಕೊಟ್ಟ. ಅವರು ಎಳೆದು ನೋಡಬಹುದೇ ಎಂದು ಕೇಳಿ, ಬದಿಯ ಮರಳು ತುಂಬಿದ ಡಬ್ಬಿಯ ಕಡೆಗೆ ಮೂತಿ ತಿರುಗಿಸಿದರು. ಕುದುರೆ ಅರ್ಧ ದೂರ ಬಂತು. ಸುತ್ತಿಗೆಯೂ ಅರ್ಧ ಎದ್ದಿತು. ಅಲ್ಲೇ ನಿಂತು, ಮತ್ತೆ ನಿಧಾನ ಹಿಂದಕ್ಕೆ ಮಲಗಿತು.

"ಸ್ಪ್ರಿಂಗ್ ಗಟ್ಟಿ" ಎಂದರು ನನಗೆ ಕನ್ನಡದಲ್ಲಿ.

ಇನ್ನೊಂದು ತೆಗೆಸಿದರು. ಅದೂ ಗಟ್ಟಿ. ಮೂರನೆಯದಕ್ಕೆ ತೋರುಬೆರಳಿನ ಜೊತೆ ನಡುಬೆರಳನ್ನೂ ಸೇರಿಸಿದರು. ಆಗ ಟಕ್ ಎಂದಿತು. ಮೂತಿ ಮಾತ್ರ ಪಕ್ಕಕ್ಕೆ ಸರಿಯಿತು. ಅಂಗಡಿಯವನು ಬೇರೆ ಕಡೆ ನೋಡಿದ.

"ನೀನೊಂದ್ಸಲ ಹಿಡಿದು ನೋಡು ವೇಣಿ."

ನನಗೆ ಇಷ್ಟವಿರಲಿಲ್ಲ, ಆದರೂ ಬೂದು ಬಣ್ಣದ್ದನ್ನು ಹಿಡಿದು ಎಳೆದೆ. ತಣ್ಣಗಿತ್ತು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಂತು.

"ನಿನ್ನದು ರೊಟ್ಟಿ ಬಡಿಯೋ ಕೈ" ಎಂದು ನಕ್ಕರು. "ಇಲ್ಲಿ ಒಳ್ಳೇ ಮಾಲಿಲ್ಲ. ನಾಳೆ ಡಲ್ಲಾಸಲ್ಲಿ ಗನ್ ಶೋ ಇದೆ. ಹೇಗೂ ಅದರ ಪಕ್ಕದ ರಿಚರ್ಡ್‌ಸನ್‌ಗೆ ಅನ್ನಪ್ರಾಶನಕ್ಕೆ ಹೋಗಬೇಕಲ್ಲ."

ಮನೆಗೆ ಬಂದಾಗ ಅವರ ಹೆಂಡತಿ ರಾಜಲಕ್ಷ್ಮಿ ಆಂಟಿ ಸೋಫಾದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು.

"ಬರಿಗೈಲಿ ಬಂದ್ರಾ?"

"ಯಾವುದೂ ಸರಿ ಬರಲಿಲ್ಲ."

"ಮೂವತ್ತು ವರ್ಷದಲ್ಲಿ ಒಂದು ಸೀರೆಗೆ ನಾನು ಇಷ್ಟು ಅಂಗಡಿ ಹತ್ತಿಲ್ಲ. ನನ್ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋದ್ರೊಳಗೆ ಹೂಂ ಅಂದಿದ್ರಿ."

"ಉಪ್ಪಿಟ್ಟು ಚೆನ್ನಾಗಿತ್ತು."

"ಅದು ಪಕ್ಕದ ಮನೆಯವರು ಮಾಡಿದ್ದು."

ಅವರು ನಕ್ಕರು. ನಾನು ಚಹಾ ತಂದುಕೊಟ್ಟೆ. ಡಾಕ್ಟರು ಲೋಟವನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಚಳಿಗಾಲವಾಗಿರಲಿಲ್ಲ. ನಾನು ನೋಡಿದೆ, ಒಳಗೆ ಹೋಗಿ ಪಾತ್ರೆ ತೊಳೆದೆ. ಆವತ್ತು ನನಗೆ ಏನೂ ಅನಿಸಲಿಲ್ಲ. ಎಷ್ಟೋ ದಿನಗಳಿಂದ ನನಗೆ ಹಾಗೇ ಆಗಿದೆ. ಕಣ್ಣಿಗೆ ಕಾಣುತ್ತದೆ, ಒಳಗೆ ಇಳಿಯುವುದಿಲ್ಲ.

ಶನಿವಾರ ಬೆಳಿಗ್ಗೆ ಹೊರಟು ಡಲ್ಲಾಸ್ ತಲುಪಿದೆವು. ಗನ್ ಶೋ ನಡೆಯುತ್ತಿದ್ದ ಜಾಗ ಮದುವೆ ಛತ್ರದಷ್ಟು ದೊಡ್ಡದು, ಒಳಗೆ ಪಾಪ್‌ಕಾರ್ನ್ ವಾಸನೆ. ಉದ್ದಕ್ಕೂ ಮೇಜುಗಳು. ಪ್ರತಿ ಪಿಸ್ತೂಲಿಗೂ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದರು. ಕೇಳಿದರೆ ಮಾತ್ರ ಕತ್ತರಿಸಿ ಕೊಡುತ್ತಾರೆ. ಡಾಕ್ಟರು ಒಂದು ಮೇಜಿನ ಮುಂದೆ ನಿಂತುಬಿಟ್ಟರು. ಅಲ್ಲಿದ್ದದ್ದು ಜೆಕ್ ದೇಶದ ಉಕ್ಕಿನ ಪಿಸ್ತೂಲು. ಅಂಥದೇ ಒಂದು ಅವರ ಕಪಾಟಿನಲ್ಲಿದೆ, ಕಪ್ಪು ಬಣ್ಣದ್ದು. ನಾಣ್ಯ ಇಟ್ಟು ಎಳೆಯುತ್ತಿದ್ದದ್ದು ಅದರಲ್ಲೇ. ಇಲ್ಲಿದ್ದದ್ದು ಬೆಳ್ಳಿಯ ಬಣ್ಣದ್ದು.

ಮೇಜಿನ ಹಿಂದೆ ಬಿಳಿ ಕೂದಲಿನ ಹೆಂಗಸು ಕೂತಿದ್ದಳು. ಬಲ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಅವಳು ಪ್ಲಾಸ್ಟಿಕ್ ಕತ್ತರಿಸಿ ಕೊಟ್ಟಳು. ಡಾಕ್ಟರು ಎಳೆದರು. ಬರಲಿಲ್ಲ. ಹಿಡಿಕೆಯನ್ನು ಮತ್ತೆ ಹೊಂದಿಸಿಕೊಂಡು ಎಳೆದರು. ತೋರುಬೆರಳಿನ ತುದಿ ಬೆಳ್ಳಗಾಯಿತು, ಬೆರಳು ಬಾಗಲಿಲ್ಲ. ಕುತ್ತಿಗೆಯ ನರ ಎದ್ದಿತು.

"ಇದನ್ನ ಯಾರೋ ಬಿಚ್ಚಿ ಕೆಡಿಸಿದಾರೆ" ಎಂದು ನನಗೆ ಹೇಳಿ, ಹೆಂಗಸಿಗೆ ಇಂಗ್ಲಿಷಿನಲ್ಲಿ ಸ್ವಲ್ಪ ಬಿಗಿ ಎಂದರು.

ಅವಳು ಆಶ್ಚರ್ಯಪಟ್ಟು ಪಿಸ್ತೂಲು ತೆಗೆದುಕೊಂಡಳು. ಪಟ್ಟಿ ಕಟ್ಟಿದ ಕೈಯಲ್ಲೇ ಎಳೆದಳು. ಟಕ್. ಇನ್ನೊಮ್ಮೆ ಎಳೆದಳು. ಟಕ್. "ನನಗಂತೂ ಚೆನ್ನಾಗಿದೆಯಪ್ಪ" ಎಂದಳು. ಕುಹಕದ ಮಾತಾಗಿರಲಿಲ್ಲ.

ಡಾಕ್ಟರು ಥ್ಯಾಂಕ್ಸ್ ಹೇಳಿ ಮುಂದೆ ನಡೆದರು. ಕೈ ಪ್ಯಾಂಟಿನ ಜೇಬಿನೊಳಗೆ ಹೋಯಿತು. ಆಮೇಲೆ ಅಲ್ಲಿ ಯಾವುದನ್ನೂ ಮುಟ್ಟಲಿಲ್ಲ. ನಾನು ಒಂದು ಹೆಜ್ಜೆ ಹಿಂದೆ ನಡೆಯುತ್ತ ಆ ಜೇಬನ್ನೇ ನೋಡುತ್ತಿದ್ದೆ. ಗುರುವಾರ ಅವ್ವನ ಕಣ್ಣಿನೊಳಗೆ ಹೋಗುವುದು ಆ ಬೆರಳು.

ಮಧ್ಯಾಹ್ನ ರಿಚರ್ಡ್‌ಸನ್‌ನಲ್ಲಿ ಉಷಾರಾಣಿ ಆಂಟಿಯ ಮನೆಯಲ್ಲಿ ಅನ್ನಪ್ರಾಶನ. ಅವರ ಎರಡೂ ಕಣ್ಣುಗಳಿಗೆ ಆಪರೇಶನ್ ಮಾಡಿದವರು ಡಾಕ್ಟರೇ. ಮೊಮ್ಮಗಳಿಗೆ ಮೊದಲ ತುತ್ತು ಅವರ ಕೈಯಿಂದಲೇ ಆಗಬೇಕೆಂದು ಮುಹೂರ್ತವನ್ನೇ ಮಧ್ಯಾಹ್ನಕ್ಕೆ ತಳ್ಳಿದ್ದರು. ಮನೆ ತುಂಬ ಜನ. ಬಾಗಿಲ ಹತ್ತಿರವೇ ಆಂಟಿ ಡಾಕ್ಟರನ್ನು ಹಿಡಿದು ನಿಲ್ಲಿಸಿದರು.

"ಈಗ ಸೂಜಿಗೆ ದಾರ ನಾನೇ ಪೋಣಿಸ್ತೀನಿ ಡಾಕ್ಟ್ರೇ. ಸೊಸೆ ಕೈಲಿ ಆಗಲ್ಲ, ನನ್ನ ಕೈಲಿ ಆಗತ್ತೆ."

"ಅತ್ತೆ, ನಾನು ಸೂಜೀನೇ ಮುಟ್ಟಲ್ಲ" ಎಂದಳು ಸೊಸೆ ಸಂಹಿತಾ, ಒಳಗಿಂದ.

"ಅದನ್ನೇ ನಾನೂ ಹೇಳಿದ್ದು."

ಅಜ್ಜಿಯ ತೊಡೆಯ ಮೇಲೆ ಕೂಸನ್ನು ಕೂರಿಸಿದರು. ಬೆಳಿಗ್ಗೆಯಿಂದ ಅತ್ತು ದಣಿದಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಬೆಳ್ಳಿ ಚಮಚದಲ್ಲಿ ಒಂದಿಷ್ಟೇ ಪಾಯಸ ತೆಗೆದು ಡಾಕ್ಟರ ಬಲಗೈಗೆ ಕೊಟ್ಟರು. ಫೋನುಗಳು ಮೇಲೆದ್ದವು. ನಾನು ಗೋಡೆಗೆ ಒರಗಿ ನಿಂತಿದ್ದೆ, ಅಲ್ಲಿಂದ ಕೈ ಚೆನ್ನಾಗಿ ಕಾಣುತ್ತಿತ್ತು. ಚಮಚ ಬಾಯಿಯ ಹತ್ತಿರ ಹೋಯಿತು. ತೋರುಬೆರಳು ಮೆಲ್ಲಗೆ ಅದರ ಮೇಲಿಂದ ಜಾರಿತು, ನಿದ್ದೆ ಬಂದವರ ತಲೆ ಜಾರುವ ಹಾಗೆ. ಚಮಚ ತಿರುಗಿ ಕೂಸಿನ ರೇಷ್ಮೆ ಲಂಗದ ಮೇಲೆ ಬಿತ್ತು.

"ಒದ್ದುಬಿಟ್ಲು ಕಳ್ಳಿ" ಎಂದು ಉಷಾರಾಣಿ ಆಂಟಿ ನಕ್ಕರು. ಎಲ್ಲರೂ ನಕ್ಕರು. ಡಾಕ್ಟರೂ ನಕ್ಕು, ಎರಡನೆಯ ಚಮಚವನ್ನು ಎಡಗೈಯಿಂದ ಹಿಡಿಯಲು ಹೋದರು.

"ಅಯ್ಯೋ ಎಡಗೈ ಬೇಡಿ ಡಾಕ್ಟ್ರೇ."

ಆಗ ಬಲಗೈಯಲ್ಲೇ ಹಿಡಿದು, ಎಡಗೈಯನ್ನು ಅದರ ಕೆಳಗೆ ಆಸರೆ ಕೊಟ್ಟು ತಿನ್ನಿಸಿದರು. ನೋಡಿದವರಿಗೆ ಬಹಳ ಭಕ್ತಿಯಿಂದ ಮಾಡಿದ ಹಾಗೆ ಕಂಡಿತು. ಚಪ್ಪಾಳೆ ಬಿತ್ತು. ಕೂಸು ಒದ್ದಿರಲಿಲ್ಲ. ಅದರ ಕಾಲು ಅಲ್ಲಾಡಲೇ ಇಲ್ಲ.

ಊಟಕ್ಕೆ ಮುಂಚೆ ಬಾತ್‌ರೂಮಿಗೆ ಹೋಗಿ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ಪ್ರಿಯಂವದಾ ಡಾಕ್ಟರ ಹತ್ರನ ಮಾಡಿಸ್ಕೊಂಡ್ರ ಏನಾಗ್ತೈತಿ?"

"ಯಾಕ, ಅವರು ಬ್ಯಾಡ ಅಂದ್ರೇನು?"

"ಇಲ್ಲ."

"ಮತ್ತ ಸುಮ್ಕಿರು. ನಿಮ್ಮಪ್ಪ ಹೋದಾಗ ಈ ಊರಾಗ ನಮ್ಮನ್ನ ಕೇಳಿದವರು ಅವರೊಬ್ರ. ಅವರ ಕೈ ಮುಟ್ಟಿದ್ರ ಸಾಕು. ನೀ ಅಲ್ಲಿ ಏನರ ಅಡ್ಡ ಮಾತಾಡಬ್ಯಾಡ."

"ಹೂಂ."

"ಉಂಡಿ?"

"ಉಣ್ತೀನಿ."

ಅವ್ವನ ಮಾತು ಸುಳ್ಳಲ್ಲ. ಅಪ್ಪ ಹೋದಾಗ ಎಲ್ಲ ಓಡಾಟ ಮಾಡಿದವರು ಡಾಕ್ಟರು. ಈ ಆಪರೇಶನ್ನನ್ನೂ ದುಡ್ಡಿಲ್ಲದೆ ಮಾಡಿಕೊಡುತ್ತಿದ್ದರು. ನಾನು ಕೈ ತೊಳೆದುಕೊಂಡು, ಕನ್ನಡಿ ನೋಡದೆ ಹೊರಗೆ ಬಂದು, ಎಲ್ಲರ ಜೊತೆ ಕೂತು ಉಂಡೆ. ಬಾಯಿಗೆ ಏನು ಹೋಯಿತೋ ಗೊತ್ತಿಲ್ಲ.

ಆ ರಾತ್ರಿ ಉಷಾರಾಣಿ ಆಂಟಿಯ ಮನೆಯಲ್ಲೇ ಉಳಿದು ಭಾನುವಾರ ಆಸ್ಟಿನ್ ಕಡೆಗೆ ಹೊರಟೆವು. ಐ-ತರ್ಟಿಫೈವ್ ಹೆದ್ದಾರಿ ತುಂಬ ಟ್ರಕ್ಕುಗಳು. ಡಾಕ್ಟರು ಪಕ್ಕದ ಸೀಟಿನಲ್ಲಿ ಕೂತು ಫೋನಿನಲ್ಲಿ ಹಾಡು ಹಾಕಿದರು, ನಿಲ್ಲಿಸಿದರು.

"ಆಸ್ಟಿನ್ ಅಂಗಡಿಯವನು ಹಳೇ ಪರಿಚಯ" ಎಂದರು. "ಅವನ ಹತ್ತಿರ ಇಟಲಿಯದೊಂದಿದೆಯಂತೆ. ಇವತ್ತು ತಗೊಂಡೇ ಹೋಗೋಣ. ನೀನೇ ಆರಿಸ್ಕೊಡು. ಏನು?"

"ನನಗೇನು ತಿಳೀತೈತ್ರಿ ಅಂಕಲ್."

"ತಿಳಿಯತ್ತೆ. ನೀನು ಮಾತಾಡಲ್ಲ ಅಷ್ಟೆ."

ನಾನು ಮುಂದಿನ ಟ್ರಕ್ಕನ್ನು ಹಿಂದೆ ಹಾಕಿದೆ.

ಅಂಗಡಿ ಊರಿನ ಉತ್ತರಕ್ಕೆ, ಲಿಯಾಂಡರ್‌ಗೆ ಹೋಗುವ ದಾರಿಯಲ್ಲಿತ್ತು. ಚಿಕ್ಕದು, ಸ್ವಚ್ಛವಾದದ್ದು. ಮಾಲೀಕ ಡಾಕ್ಟರನ್ನು ಹೆಸರು ಹಿಡಿದು ಕರೆದು ಕೈ ಚಾಚಿದ. ಡಾಕ್ಟರು ಎಡಗೈಯಿಂದ ಅವನ ಭುಜ ತಟ್ಟಿದರು. ಅವನು ಗಾಜಿನ ಮೇಲೆ ಒಂದು ದಪ್ಪ ಬಟ್ಟೆ ಹಾಸಿ ಮೂರನ್ನು ಸಾಲಾಗಿ ಇಟ್ಟ. ಒಂದೊಂದನ್ನೂ ತೆರೆದು ಖಾಲಿ ತೋರಿಸಿದ. ನಡುವಿನದೇ ಇಟಲಿಯದು. ಅಲ್ಯೂಮಿನಿಯಮ್ಮಿನ ಮೈ, ಉದ್ದನೆಯ ಮೂತಿ. ಮಾಸಿದ ಕಪ್ಪು. ಯಾರೋ ಬಹಳ ಕಾಲ ಕೈಯಲ್ಲಿ ಹಿಡಿದು ಹಿಡಿಕೆಯ ಅಂಚು ನಯವಾಗಿತ್ತು.

"ಎಣ್ಣೆ ಹಾಕಿದ ಹಾಗೆ ಬರುತ್ತದೆ" ಎಂದ ಮಾಲೀಕ. "ನನ್ನ ಹೆಂಡತಿ ಇದನ್ನು ಮಾರಬೇಡ ಎಂದಿದ್ದಳು."

ಡಾಕ್ಟರು ಎತ್ತಿಕೊಂಡು ಎಳೆದರು. ಮೊದಲ ಸಲ ಬರಲಿಲ್ಲ, ಎರಡನೆಯ ಸಲವೂ ಬರಲಿಲ್ಲ. ಮೂರನೆಯ ಸಲಕ್ಕೆ ಹೋಗದೆ ಬಟ್ಟೆಯ ಮೇಲೆ ಇಟ್ಟರು. ಉಳಿದೆರಡನ್ನೂ ಎತ್ತಿ, ಹಿಡಿದು, ಎಳೆಯದೆಯೇ ಇಟ್ಟರು.

"ಹೇಳು ವೇಣಿ. ಯಾವುದು?"

ನಾನು ಮೂರನ್ನೂ ಒಂದೊಂದಾಗಿ ಎಳೆದೆ. ಎಡಗಡೆಯದು ನಡುವೆ ಕಚಕ್ಕೆಂದು ಹಿಡಿಯುತ್ತಿತ್ತು. ಬಲಗಡೆಯದು ಹಗುರ, ಆದರೆ ಸಡಿಲ, ಅಲುಗುತ್ತಿತ್ತು. ಇಟಲಿಯದು ಮೊದಲಿಂದ ಕೊನೆಯವರೆಗೆ ಒಂದೇ ಸಮ. ಅದನ್ನು ಅವರ ಮುಂದೆ ಇಟ್ಟೆ.

"ಇದ್ರಿ."

"ಅದು ಗಟ್ಟಿ. ಈಗ ತಾನೇ ನೋಡಿದೆ."

"ಗಟ್ಟಿ ಇಲ್ರಿ ಅಂಕಲ್."

"ನಿನಗಿಲ್ಲ."

"ಡಲ್ಲಾಸಿನ್ಯಾಗ ಆ ಮುದುಕಿಗೂ ಇರಲಿಲ್ರಿ. ಕೈಗೆ ಪಟ್ಟಿ ಕಟ್ಕೊಂಡಿದ್ರು."

ಅವರು ನನ್ನ ಮುಖ ನೋಡಿದರು. ನಾನು ಬಟ್ಟೆಯನ್ನು ನೋಡುತ್ತಿದ್ದೆ. ಮಾಲೀಕನಿಗೆ ಕನ್ನಡ ತಿಳಿಯದು. ನಾವು ಯಾವುದು ಬೇಕೆಂದು ಚರ್ಚೆ ಮಾಡುತ್ತಿದ್ದೇವೆ ಎಂದುಕೊಂಡು ತಾಳ್ಮೆಯಿಂದ ನಗುತ್ತ ನಿಂತಿದ್ದ.

"ಏನು ಹೇಳ್ಬೇಕು ಅಂತಿದೀಯ?"

ಶಾಲೆಯಲ್ಲಿ ಎದ್ದು ನಿಂತಾಗಿನ ಹಾಗೆ ಕಿವಿಯಲ್ಲಿ ಗುಂಯ್ ಎಂದಿತು. ಆದರೂ ಮಾತು ಬಂತು, ಬೇರೆ ಯಾರೋ ಆಡಿದ ಹಾಗೆ.

"ಅವ್ವನ ಕಣ್ಣು ನೀವು ಮಾಡಬ್ಯಾಡ್ರಿ."

ಅವರು ಪಿಸ್ತೂಲನ್ನು ಬಟ್ಟೆಯ ಮೇಲೆ ನೇರ ಮಾಡಿದರು. ಆಮೇಲೆ ರೋಗಿಗಳಿಗೆ ಹೇಳುವ ದನಿಯಲ್ಲಿ ಹೇಳಿದರು. "ಕಣ್ಣಿನ ಕೆಲಸಕ್ಕೆ ಬಲ ಬೇಕಿಲ್ಲ ವೇಣಿ. ನಿನಗೆ ಗೊತ್ತಾಗಲ್ಲ ಅದು. ಉಸಿರಿನಷ್ಟು ಹಗುರ ಇರತ್ತೆ. ಇದೇ ಬೇರೆ, ಅದೇ ಬೇರೆ."

"ಚಮಚ ಹಿಡಿಯಾಕೂ ಬಲ ಬೇಕಾಗಂಗಿಲ್ರಿ."

"ಮಗು ಒದೀತು."

"ಕೂಸು ನಿದ್ದಿಗಣ್ಣಾಗಿತ್ರಿ. ನಾ ನೋಡ್ತಾ ನಿಂತಿದ್ದೆ."

ಹೊರಗೆ ಯಾವುದೋ ಟ್ರಕ್ಕು ಹಿಂದಕ್ಕೆ ಬರುವ ಕೂಗು ಕೇಳುತ್ತಿತ್ತು. ಡಾಕ್ಟರು ಬಲಗೈಯನ್ನು ಬಟ್ಟೆಯ ಮೇಲೆ ಅಂಗಾತ ಇಟ್ಟು, ತೋರುಬೆರಳನ್ನು ಮಡಿಸಲು ನೋಡಿದರು. ಉಳಿದ ಬೆರಳುಗಳು ಮಡಿಚಿಕೊಂಡವು. ಅದು ತಡವಾಗಿ, ಅರ್ಧಕ್ಕೆ ಬಂದು ನಿಂತಿತು. ಅದನ್ನು ಅವರು ಬೇರೆಯವರ ಬೆರಳನ್ನು ಪರೀಕ್ಷೆ ಮಾಡುವ ಹಾಗೆ ನೋಡಿದರು. ಹೀಗೆ ಬೆಳಕಿನಲ್ಲಿ ಇಟ್ಟುಕೊಂಡು ಅವರು ನೋಡಿದ್ದು ಅದೇ ಮೊದಲು ಅನ್ನಿಸಿತು. ನನಗೆ ಭಯವಾಗಲಿಲ್ಲ, ಮರುಕವೂ ಆಗಲಿಲ್ಲ. ಅವರ ಉಗುರು ನೀಟಾಗಿ ಕತ್ತರಿಸಿದ್ದು ಕಂಡಿತು.

"ನಿರ್ಧಾರ ಆಯಿತೇ?" ಎಂದು ಮಾಲೀಕ ಕೇಳಿದ.

"ಆಯಿತು" ಎಂದರು ಡಾಕ್ಟರು ಇಂಗ್ಲಿಷಿನಲ್ಲಿ. "ಈ ಹುಡುಗಿ ಆರಿಸಿದ್ದು. ನಡುವಿನದು."

ಮಾಲೀಕ ಕಾಗದಗಳನ್ನು ತಂದ. ಅವರು ತಮ್ಮ ಹೆಸರನ್ನು ನಿಧಾನವಾಗಿ ಬರೆದರು. ಅವನು ಎಲ್ಲಿಗೋ ಫೋನ್ ಮಾಡಿ ವಿಚಾರಿಸಿ ಮುಗಿಸುವವರೆಗೆ ನಾವು ಎರಡು ಕುರ್ಚಿಗಳ ಮೇಲೆ ಪಕ್ಕಪಕ್ಕ ಕೂತಿದ್ದೆವು. ಪಿಸ್ತೂಲಿನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಬೀಗ ಹಾಕಿ ನಾನು ಕಾರು ಹೊರತೆಗೆದೆ.

ಬ್ಯಾಸ್ಟ್ರಾಪ್ ಊರು ದಾಟಿದೆವು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅದೂ ಒಳಗೆ ಇಳಿಯಲಿಲ್ಲ. ಸುಮ್ಮನೆ ಒಂದು ವಿಷಯದ ಹಾಗೆ ಇತ್ತು, ಮುಂದೆ ಇನ್ನೆಷ್ಟು ಮೈಲಿ ಎಂಬ ಬೋರ್ಡಿನ ಹಾಗೆ.

"ಯಾವಾಗಿಂದ ನೋಡ್ತಿದೀಯ?" ಎಂದರು ಕೊನೆಗೆ.

"ನೀವು ಕಾರು ಓಡ್ಸೂದು ಬಿಟ್ಟಾಗಿಂದ್ರಿ."

"ಮನೇಲಿ ರಾಜೀಗೆ ಹೇಳಿದೀಯಾ?"

"ಇಲ್ರಿ."

"ಹ್ಞಾಂ." ಸ್ವಲ್ಪ ಹೊತ್ತಾದ ಮೇಲೆ, "ಈಚೆಗೆ ಸುಲಭದ ಕೇಸು ಮಾತ್ರ ನಾನು ಮಾಡ್ತಿದ್ದೆ. ಉಳಿದದ್ದನ್ನ ಪ್ರಿಯಂವದಾಗೆ ಕಳಿಸ್ತಿದ್ದೆ" ಅಂದರು. ಸಮರ್ಥನೆಯೋ ಏನೋ ತಿಳಿಯಲಿಲ್ಲ. "ನಿಮ್ಮಮ್ಮಂದು ಸುಲಭದ್ದಲ್ಲ."

ನಾನು ಲೇನ್ ಬದಲಿಸಿದೆ.

ಅವರು ಫೋನ್ ತೆಗೆದು ಪ್ರಿಯಂವದಾ ಡಾಕ್ಟರಿಗೆ ಮಾಡಿದರು. ಗುರುವಾರದ ಎಲ್ಲ ಕೇಸುಗಳನ್ನೂ ನೀವೇ ಮಾಡಿ, ಆಮೇಲಿನವನ್ನೂ, ಬಂದು ಮಾತಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆ ಕಡೆಯಿಂದ ಪ್ರಶ್ನೆ ಬಂತು. "ಕೈ" ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ಅವ್ವನಿಗೆ ಮಾಡಿದರು. ಸ್ಪೀಕರಿನಲ್ಲಿತ್ತು, ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಸುಮಿತ್ರವ್ವ, ಗುರುವಾರ ನಾನು ಮಾಡಲ್ಲ. ಪ್ರಿಯಂವದಾ ಮಾಡ್ತಾರೆ."

ಸದ್ದು ನಿಂತಿತು. "ಯಾಕ್ರಿ? ನಿಮ್ಮ ಕೈ ನಂಬ್ಕೊಂಡು ಇಷ್ಟು ದಿನ ಕುಂತೀನಲ್ರಿ."

"ನನ್ನ ಕೈ ಸರಿಯಿಲ್ಲ. ಬೆರಳಿಗೆ ಹಿಡಿತ ಇಲ್ಲ ಈಗ."

"ವೇಣಿ ಏನರ ಅಂದ್ಳೇನ್ರೀ? ನಿನ್ನೆ ಒಂದ್ ನಮೂನಿ ಮಾತಾಡಿದ್ಳು."

ನಾನು ರಸ್ತೆ ನೋಡಿದೆ. ಮುಂದಿನ ಟ್ರಕ್ಕಿನ ಹಿಂದೆ ಹುಲ್ಲಿನ ಉಂಡೆಗಳಿದ್ದವು.

"ಇಲ್ಲ. ನಾನೇ ನೋಡ್ಕೊಂಡೆ" ಎಂದರು ಡಾಕ್ಟರು.

ಅವ್ವ ಬಯ್ಯುತ್ತಾಳೆ, ಇಲ್ಲವೆ ಅಳುತ್ತಾಳೆ, ಆಪರೇಶನ್ನೇ ಬೇಡ ಅನ್ನುತ್ತಾಳೆ ಎಂದು ಕಾದೆ.

"ಮತ್ತ ನಿಮ್ಮ ಕೈ ಯಾರಿಗೆ ತೋರಿಸೀರಿ?"

"ಇನ್ನೂ ಇಲ್ಲ."

"ಎಲ್ಲಾರಿಗೂ ಬೈದು ಬೈದು ಆಸ್ಪತ್ರಿಗೆ ಕಳಸ್ತೀರಿ. ನಿಮಗ ಹೇಳವ್ರಿಲ್ಲೇನ್ರಿ?"

ಅವರ ಬಾಯಿಂದ ನಗುವಿನಂಥದ್ದು ಬಂತು, ಪೂರ್ತಿ ನಗುವಲ್ಲ. "ತೋರಿಸ್ತೀನಿ ಸುಮಿತ್ರವ್ವ."

"ಆ ಹುಡುಗಿ ಡಾಕ್ಟ್ರು ಮಾಡಲಿ ಬಿಡ್ರಿ. ನೀವು ಬಾಜೂಕ ನಿಂದರ್ತೀರಲಾ?"

"ನಿಂತ್ಕೋತೀನಿ."

"ಹಂಗಾದ್ರ ಆತು. ರೊಟ್ಟಿ ಸುಡ್ತೈತಿ, ಇಡ್ತೀನ್ರಿ."

ಫೋನ್ ಕಟ್ ಆಯಿತು. ಕೇಟಿಗೆ ಇನ್ನೂ ಬಹಳ ದೂರವಿತ್ತು. ಈಗಲಾದರೂ ಎದೆ ಹಗುರಾಗಬಹುದೆಂದು ಸ್ವಲ್ಪ ದೂರ ಕಾದೆ. ಆಗಲಿಲ್ಲ. ಭಾರ ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇತ್ತು.

"ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರ್ಬೇಕ್ರಿ?" ಎಂದು ಕೇಳಿದೆ.

"ಬೇಗ ಬಾ" ಎಂದರು. "ಕೈ ತೋರಿಸೋಕೆ ಆಸ್ಪತ್ರೆಗೆ ಹೋಗಬೇಕಲ್ಲ."